ಯಲಹಂಕದ ರಸ್ತೆಗೂ ಕಡಲಿಗೂ ಏನು ಸಂಬಂಧ? ಹಡಗು ಕಾಯುವ ಕೆಲಸದ ಒಂದು ಚರಿತ್ರೆ

ಯಲಹಂಕ ನ್ಯೂಟೌನ್ ಕಡೆ ಓಡಾಡುವವರಿಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆ ಗೊತ್ತೇ ಇರುತ್ತದೆ. ದೊಡ್ಡಬಳ್ಳಾಪುರ ರಸ್ತೆಯಿಂದ ಎಂ.ಎಸ್. ಪಾಳ್ಯದವರೆಗೆ ಹೋಗುವ ರಸ್ತೆ ಅದು. ಸುದ್ದಿ ಹುಡುಕಿಕೊಂಡು ವಾರಕ್ಕೆ ಮೂರ್ನಾಲ್ಕು ಸಲವಾದರೂ ನಾವು ಅಲ್ಲಿ ಗಾಡಿ ಓಡಿಸುತ್ತೇವೆ. ಬೋರ್ಡು ಕಾಣುತ್ತದೆ, ಹೆಸರು ಓದುತ್ತೇವೆ, ಸಿಗ್ನಲ್ ಬಿಟ್ಟರೆ ಮುಂದಕ್ಕೆ ಹೋಗುತ್ತೇವೆ.

ಒಂದು ದಿನ ಎಂ.ಎಸ್. ಪಾಳ್ಯದ ಟೀ ಅಂಗಡಿಯಲ್ಲಿ ಕೂತಿದ್ದಾಗ ಕರಾವಳಿಯ ಮೀನುಗಾರರ ಬಗ್ಗೆ ಮಾತು ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, 'ಅಲ್ಲಪ್ಪ, ನಮಗೂ ಸಮುದ್ರಕ್ಕೂ ಏನು ಸಂಬಂಧ? ನಮ್ಮ ಕೆರೆ ನೋಡಿಕೊಳ್ಳೋಕೆ ಆಗಲ್ಲ ನಮಗೆ' ಅಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು.

ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಯಾಕೆಂದರೆ ನಾವು ಕೂತಿದ್ದ ರಸ್ತೆಗೆ ಆ ಹೆಸರು ಬಂದದ್ದೇ ಸಮುದ್ರದ ದಾರಿಯಲ್ಲಿ ಬಂದ ಒಂದು ಮೀನುಗಾರಿಕೆ ಬೋಟಿನಿಂದ. ಅದೇ ರಸ್ತೆಯ ತುದಿಯಿಂದ ಗಂಗಮ್ಮನ ಗುಡಿ ಸರ್ಕಲ್ ದಾಟಿ ಜಾಲಹಳ್ಳಿ ಕಡೆ ಹೋದರೆ ಬಿಇಎಲ್ ಸಿಗುತ್ತದೆ. ದೇಶದ ಕರಾವಳಿಯಲ್ಲಿ ಹಡಗುಗಳನ್ನು ಕಾಯುವ ರಾಡಾರ್ ಸಾಲನ್ನು ಕಟ್ಟಿ ನಿಲ್ಲಿಸಿದ ಸಂಸ್ಥೆ ಅದೇ. ಅಲ್ಲಿಂದ ಪೀಣ್ಯಕ್ಕೆ ಹೋದರೆ ಇಸ್ರೋದ ಇಸ್ಟ್ರಾಕ್ ಕೇಂದ್ರ. ಅರಬ್ಬಿ ಸಮುದ್ರದಲ್ಲಿ ಮುಳುಗುತ್ತಿರುವ ಹಡಗಿನ ಕೂಗು ಮೊದಲು ಕೇಳಿಸುವ ಜಾಗಗಳಲ್ಲಿ ಅದೂ ಒಂದು.

ಅಂದರೆ ಕಡಲಿನಿಂದ ನೂರಾರು ಕಿ.ಮೀ. ದೂರ ಇರುವ ಉತ್ತರ ಬೆಂಗಳೂರು ಕಡಲಿನ ಕಾವಲಿನಲ್ಲಿ ದೊಡ್ಡ ಪಾತ್ರ ವಹಿಸಿದೆ. ಆ ಕಥೆಯನ್ನು ಮೊದಲಿನಿಂದ ಹೇಳುತ್ತೇವೆ.

ಒಲೆಯ ಗ್ಯಾಸೂ ಕಡಲಿನದೇ

ಮೊದಲು ಆ ಹಿರಿಯರ ಪ್ರಶ್ನೆಗೆ ಒಂದು ಸಣ್ಣ ಉತ್ತರ. ನಮ್ಮ ಗಾಡಿಗೆ ಹಾಕಿಸುವ ಪೆಟ್ರೋಲಿನ ದೊಡ್ಡ ಪಾಲು ಹುಟ್ಟುವುದು ಹಡಗಿನಲ್ಲಿ ಬಂದ ಕಚ್ಚಾ ತೈಲದಿಂದ. ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೆ ತೈಲದ ಹಡಗುಗಳು ಬರುತ್ತವೆ. ಎಂಆರ್‌ಪಿಎಲ್ ಅದನ್ನು ಶುದ್ಧ ಮಾಡುತ್ತದೆ. ಅಲ್ಲಿಂದ ಹಾಸನದ ಮೇಲೆ ಹಾದು ಬೆಂಗಳೂರಿನ ಹತ್ತಿರದ ದೇವನಗೊಂದಿಯವರೆಗೆ 360 ಕಿ.ಮೀ.ಗೂ ಉದ್ದದ ಪೈಪ್‌ಲೈನ್ ಇದೆ. ಅಡುಗೆ ಗ್ಯಾಸಿಗೂ ಮಂಗಳೂರಿನಿಂದ ಹಾಸನ, ಮೈಸೂರು, ಬೆಂಗಳೂರು ಕಡೆಗೆ ಬೇರೆಯೇ ಪೈಪ್‌ಲೈನ್ ಇದೆ.

ನವಮಂಗಳೂರನ್ನು ದೇಶದ 9ನೇ ಪ್ರಮುಖ ಬಂದರು ಎಂದು ಘೋಷಿಸಿದ್ದು 1974ರ ಮೇ ತಿಂಗಳಲ್ಲಿ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅಂದಿನಿಂದ ಘಟ್ಟದ ಮೇಲಿನ ನಮ್ಮ ಬದುಕಿಗೂ ಆ ಬಂದರಿಗೂ ನಂಟು ಗಟ್ಟಿಯಾಗುತ್ತಲೇ ಬಂದಿದೆ. ಅಲ್ಲಿ ಒಂದು ಹಡಗು ಇನ್ನೊಂದಕ್ಕೆ ಗುದ್ದಿದರೆ ಅದರ ಬಿಸಿ ಇಲ್ಲಿಗೂ ತಟ್ಟುತ್ತದೆ.

ಐನೂರು ವರ್ಷದ ಹಿಂದಿನ ಪಾಸು

ಕಡಲಿನಲ್ಲಿ ಯಾವ ಹಡಗು ಯಾರದು, ಎಲ್ಲಿಗೆ ಹೊರಟಿದೆ ಎಂದು ಕೇಳುವುದು ಹೊಸದೇನಲ್ಲ. ಕನ್ನಡ ಕರಾವಳಿಯಲ್ಲಿ ಈ ಪ್ರಶ್ನೆಯನ್ನು ಫಿರಂಗಿ ಹಿಡಿದು ಕೇಳಿದವರು ಪೋರ್ಚುಗೀಸರು.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋಯಿತು. ಅಷ್ಟರಲ್ಲೇ ಅವರು 'ಕಾರ್ತಾಜ್' ಎಂಬ ಪಾಸಿನ ಪದ್ಧತಿ ತಂದಿದ್ದರು. ಅರಬ್ಬಿ ಸಮುದ್ರದಲ್ಲಿ ವ್ಯಾಪಾರ ಮಾಡುವ ಯಾವ ಹಡಗಾದರೂ ಅವರಿಂದ ಪಾಸು ಪಡೆಯಬೇಕು. ಹಡಗಿನ ಯಜಮಾನ ಯಾರು, ಹಡಗು ಎಷ್ಟು ದೊಡ್ಡದು, ಎಷ್ಟು ಜನ ಇದ್ದಾರೆ, ಆಯುಧ ಏನಿದೆ, ಎಲ್ಲಿಗೆ ಪ್ರಯಾಣ, ಎಲ್ಲವೂ ಅದರಲ್ಲಿ ಬರೆದಿರಬೇಕು. ಪಾಸು ಇಲ್ಲದೆ ಸಿಕ್ಕಿದ ಹಡಗನ್ನು ಮಾಲಿನ ಸಮೇತ ಕಿತ್ತುಕೊಳ್ಳುತ್ತಿದ್ದರು.

ನಮ್ಮ ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರಿನ ವರ್ತಕರು ತಲೆಮಾರುಗಳಿಂದ ಯಾರ ಅಪ್ಪಣೆಯೂ ಇಲ್ಲದೆ ಅಕ್ಕಿ, ಮೆಣಸು ಸಾಗಿಸುತ್ತಿದ್ದ ದಾರಿ ಅದು. ಅವರಿಗೆ ಇದು ಎಷ್ಟು ಕಹಿಯಾಗಿರಬೇಕು ಯೋಚಿಸಿ. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರಿಗೆ ಕಪ್ಪ ಕೊಡುವುದಿಲ್ಲ ಎಂದು ಎದುರು ನಿಂತಳು. ಅವಳ ಹೋರಾಟದ ಬೇರಿನಲ್ಲಿ ಇದ್ದದ್ದೂ ಇದೇ ಪ್ರಶ್ನೆ. ನಮ್ಮ ಕಡಲಿನಲ್ಲಿ ನಾವು ಓಡಾಡಲು ಯಾರನ್ನು ಕೇಳಬೇಕು?

ಈ ವಿಷಯ ಇಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಹಡಗು ಕಾಯುವ ಕೆಲಸಕ್ಕೆ ಮೊದಲಿನಿಂದಲೂ ಎರಡು ಮುಖ. ಒಂದು, ಓಡಾಡುವವರ ಮೇಲೆ ಕಣ್ಣಿಡುವುದು. ಇನ್ನೊಂದು, ಓಡಾಡುವವರ ಜೀವ ಉಳಿಸುವುದು. ಕಾರ್ತಾಜ್ ಮೊದಲನೆಯದು. ದೀಪಸ್ತಂಭ ಎರಡನೆಯದು.

ದೀಪದಿಂದ ರಾಡಾರಿಗೆ

ಉಡುಪಿ ಜಿಲ್ಲೆಯ ಕಾಪುವಿನಲ್ಲಿ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ 1901ರದ್ದು. ಪ್ರವಾಸಕ್ಕೆ ಹೋದವರು ಮೇಲೆ ಹತ್ತಿ ಫೋಟೋ ತೆಗೆಸಿಕೊಂಡಿರುತ್ತೀರಿ. ದೀಪ ಯಾವ ಹಡಗಿನ ಹೆಸರನ್ನೂ ಕೇಳುವುದಿಲ್ಲ. 'ಇಲ್ಲಿ ಬಂಡೆ ಇದೆ, ದೂರ ಹೋಗು' ಎಂದಷ್ಟೇ ಹೇಳುತ್ತದೆ. ಆದರೆ ಮಂಜು ಕವಿದರೆ, ಜಡಿಮಳೆ ಹಿಡಿದರೆ ದೀಪ ಕಾಣುವುದಿಲ್ಲ. ಎರಡು ಹಡಗು ಒಂದಕ್ಕೊಂದು ಎದುರಾದರೆ ದೀಪ ಏನೂ ಮಾಡಲಾರದು.

ಎರಡನೇ ಮಹಾಯುದ್ಧದಲ್ಲಿ ಶತ್ರುವಿನ ವಿಮಾನ ಹುಡುಕಲು ಬೆಳೆದ ರಾಡಾರ್, ಯುದ್ಧ ಮುಗಿದ ಮೇಲೆ ಬಂದರಿಗೆ ಬಂತು. 1948ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ ರಾಡಾರ್ ಕೇಂದ್ರ ಶುರುವಾಯಿತು. ಮಂಜಿನಲ್ಲೂ ದಡದವರು ಹಡಗನ್ನು ಪರದೆಯ ಮೇಲೆ ನೋಡಿ, ರೇಡಿಯೋದಲ್ಲಿ ದಾರಿ ಹೇಳುವ ಕಾಲ ಬಂತು.

ಆದರೂ ದೊಡ್ಡ ಬದಲಾವಣೆಗೆ ದೊಡ್ಡ ಸಾವು ಬೇಕಾಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಡೋವರ್ ಎಂಬ ಇಕ್ಕಟ್ಟಾದ ಜಲಸಂಧಿ ಇದೆ. ಹೆಬ್ಬಾಳ ಫ್ಲೈಓವರ್‌ನಲ್ಲಿ ಬೆಳಗ್ಗೆ 9 ಗಂಟೆಗೆ ಗಾಡಿಗಳು ಸೇರಿದ ಹಾಗೆ ಅಲ್ಲಿ ಹಡಗುಗಳು ಸೇರುತ್ತವೆ. 1967ರಲ್ಲಿ ಅಲ್ಲಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ ಎಂದು ನಕ್ಷೆಯಲ್ಲಿ ಗೆರೆ ಎಳೆದರು. ಪಾಲಿಸುವುದು ಅವರವರ ಇಷ್ಟಕ್ಕೆ ಬಿಟ್ಟಿತ್ತು.

1971ರ ಜನವರಿ 11ರಂದು 'ಟೆಕ್ಸಾಕೊ ಕೆರಿಬಿಯನ್' ಎಂಬ ತೈಲದ ಹಡಗಿಗೆ 'ಪರಾಕಾಸ್' ಎಂಬ ಹಡಗು ಗುದ್ದಿತು. ತೈಲದ ಹಡಗು ಸ್ಫೋಟಿಸಿ ಮುಳುಗಿತು. ಮರುದಿನವೇ 'ಬ್ರಾಂಡೆನ್‌ಬರ್ಗ್' ಎಂಬ ಮತ್ತೊಂದು ಹಡಗು ನೀರಿನಡಿಯ ಆ ಅವಶೇಷಕ್ಕೆ ತಗುಲಿ ಮುಳುಗಿತು. ಎಚ್ಚರಿಕೆಯ ದೀಪ ಹಾಕಿದ್ದರೂ ಫೆಬ್ರುವರಿ 27ರಂದು 'ನಿಕಿ' ಎಂಬ ಮೂರನೇ ಹಡಗು ಅದೇ ಜಾಗದಲ್ಲಿ ಹೋಯಿತು. ಮೂರರಲ್ಲಿ ಸೇರಿ ಸುಮಾರು 50 ಜನ ಸತ್ತರು.

ಇದಾದ ಮೇಲೆ ಜಗತ್ತು ಎಚ್ಚೆತ್ತಿತು. 1972ರಲ್ಲಿ ಹಡಗು ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳು ತಯಾರಾದವು, 1977ರ ಜುಲೈನಲ್ಲಿ ಜಾರಿಗೆ ಬಂದವು. ಅವುಗಳಲ್ಲಿ ಒಂದು ನಿಯಮ ನಮಗೆ ತಮಾಷೆ ಅನ್ನಿಸುತ್ತದೆ. ರಸ್ತೆಯಲ್ಲಿ ನಾವು ಎಡಕ್ಕೆ ಹೋಗುತ್ತೇವಲ್ಲ, ಕಡಲಿನಲ್ಲಿ ಎದುರುಬದುರು ಬಂದ ಎರಡೂ ಹಡಗು ಬಲಕ್ಕೆ ತಿರುಗಬೇಕು. ನಿಯಮ ಎಲ್ಲ ದೇಶದ ಹಡಗಿಗೂ ಒಂದೇ.

ಮುಂದಿನ ದೊಡ್ಡ ಹೆಜ್ಜೆ ಎಐಎಸ್. ಹಡಗಿನಲ್ಲಿ ಒಂದು ಪೆಟ್ಟಿಗೆ ಇರುತ್ತದೆ. 'ನನ್ನ ಹೆಸರು ಇದು, ನಾನು ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಇಂಥ ದಿಕ್ಕಿಗೆ ಹೋಗುತ್ತಿದ್ದೇನೆ' ಎಂದು ಅದು ತಾನಾಗಿಯೇ ರೇಡಿಯೋದಲ್ಲಿ ಸಾರುತ್ತಲೇ ಇರುತ್ತದೆ. ದೇಶದಿಂದ ದೇಶಕ್ಕೆ ಓಡಾಡುವ, 300 ಟನ್ನೇಜ್‌ಗಿಂತ ದೊಡ್ಡ ಹಡಗುಗಳೆಲ್ಲ 2004ರ ಕೊನೆಯೊಳಗೆ ಇದನ್ನು ಹಾಕಿಸಿಕೊಳ್ಳಬೇಕೆಂದು ನಿಯಮ ಬಂತು. ಕಾರ್ತಾಜ್‌ನಲ್ಲಿ ಬರೆಯುತ್ತಿದ್ದ ವಿವರಗಳನ್ನೇ ಹೆಚ್ಚು ಕಡಿಮೆ ಈಗ ಪೆಟ್ಟಿಗೆ ಹೇಳುತ್ತದೆ. ವ್ಯತ್ಯಾಸ ಏನೆಂದರೆ, ಇದು ಪಕ್ಕದ ಹಡಗಿಗೂ ಕೇಳಿಸುತ್ತದೆ, ಡಿಕ್ಕಿ ತಪ್ಪುತ್ತದೆ.

2008ರ ನವೆಂಬರ್

ಎಐಎಸ್ ಇದ್ದದ್ದು ದೊಡ್ಡ ಹಡಗುಗಳಲ್ಲಿ. ಸಣ್ಣ ಬೋಟುಗಳು ಯಾರ ಪರದೆಯ ಮೇಲೂ ಇರಲಿಲ್ಲ.

2008ರ ನವೆಂಬರ್‌ನಲ್ಲಿ ಕರಾಚಿಯಿಂದ ಹೊರಟ ಹತ್ತು ಮಂದಿ ಭಯೋತ್ಪಾದಕರು ನಡುಗಡಲಿನಲ್ಲಿ ಗುಜರಾತಿನ 'ಕುಬೇರ್' ಎಂಬ ಮೀನುಗಾರಿಕೆ ಬೋಟನ್ನು ವಶಕ್ಕೆ ತೆಗೆದುಕೊಂಡರು. ಬೋಟಿನಲ್ಲಿದ್ದ ಮೀನುಗಾರರನ್ನು ಕೊಂದರು. ದಾರಿ ತೋರಿಸಲು ತಾಂಡೇಲನೊಬ್ಬನನ್ನು ಉಳಿಸಿಕೊಂಡು, ಮುಂಬೈ ಹತ್ತಿರ ಬಂದ ಮೇಲೆ ಅವನನ್ನೂ ಕೊಂದರು. ನವೆಂಬರ್ 26ರ ರಾತ್ರಿ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕೊಲಾಬಾದ ಮೀನುಗಾರರ ಕೇರಿಯ ಹತ್ತಿರ ಇಳಿದರು. ನಿಮಗೆ ನೆನಪಿರಲಿ, ಮೊದಲು ಬಲಿಯಾದವರು ಮೀನುಗಾರರು. ಅನುಮಾನದಿಂದ 'ಯಾರು ನೀವು' ಎಂದು ಮೊದಲು ಕೇಳಿದವರೂ ಆ ಕೇರಿಯ ಮೀನುಗಾರರೇ.

ಆ ದಾಳಿಯಲ್ಲಿ 166 ಜನ ಸತ್ತರು. ತಾಜ್ ಹೋಟೆಲಿನೊಳಗೆ ನುಗ್ಗಿದ ಎನ್‌ಎಸ್‌ಜಿ ತಂಡದಲ್ಲಿದ್ದ ಮೇಜರ್ ಸಂದೀಪ್ ಉನ್ನಿಕೃಷ್ಣನ್, ಗಾಯಗೊಂಡ ಜೊತೆಗಾರನನ್ನು ಹೊರಗೆ ಸಾಗಿಸಿ ತಾವು ಮುಂದೆ ಹೋಗಿ ನವೆಂಬರ್ 28ರಂದು ಪ್ರಾಣ ಬಿಟ್ಟರು. ಅವರಿಗೆ ಆಗ 31 ವರ್ಷ. ತಂದೆ ಇಸ್ರೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆ ಇದ್ದದ್ದು ನಮ್ಮ ಯಲಹಂಕದಲ್ಲಿ. 2009ರ ಗಣರಾಜ್ಯೋತ್ಸವದಂದು ಅಶೋಕ ಚಕ್ರ ಬಂತು. ರಸ್ತೆಗೆ ಹೆಸರು ಬಂತು.

ಆ ದಿನಗಳಲ್ಲಿ ನಮ್ಮಲ್ಲಿ ಹಲವರು ಕಾಲೇಜಿನಲ್ಲಿದ್ದೆವು. ಮೂರು ದಿನ ಟಿವಿ ಮುಂದಿನಿಂದ ಎದ್ದಿರಲಿಲ್ಲ. ಬೋಟು ಹೇಗೆ ಬಂತು, ಯಾರೂ ಯಾಕೆ ನೋಡಲಿಲ್ಲ ಎಂಬ ಪ್ರಶ್ನೆ ಆಗ ನಮಗೆ ಹೊಳೆದಿರಲಿಲ್ಲ. ಆದರೆ ಸರ್ಕಾರದ ಮುಂದೆ ಇದ್ದದ್ದು ಅದೇ ಪ್ರಶ್ನೆ.

ಜಾಲಹಳ್ಳಿಗೆ ಬಂದ ಕೆಲಸ

2009ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕಡಲ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಗೆ ಕೊಟ್ಟಿತು. ದಡದ ಹತ್ತಿರದ ಕಡಲಿನ ಹೊಣೆ ಕೋಸ್ಟ್ ಗಾರ್ಡ್‌ಗೆ ಬಂತು. ಕರಾವಳಿಯ ಉದ್ದಕ್ಕೂ ರಾಡಾರ್ ಸಾಲು ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಆ ಕೆಲಸ ಬಂದದ್ದು ಬಿಇಎಲ್‌ಗೆ.

ಬಿಇಎಲ್ ಅಂದರೆ ನಮ್ಮ ಭಾಗದ ಹಳ್ಳಿಗಳ ಎಷ್ಟೋ ಮನೆಗೆ ಅನ್ನ ಕೊಟ್ಟ ಕಾರ್ಖಾನೆ. 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ತಾಂತ್ರಿಕ ನೆರವಿನಿಂದ ಜಾಲಹಳ್ಳಿಯಲ್ಲಿ ಹುಟ್ಟಿತು. ಸೈನ್ಯಕ್ಕೆ ರೇಡಿಯೋ ಉಪಕರಣ ಮಾಡುವುದರಿಂದ ಶುರುವಾಗಿ, 1960ರ ದಶಕದಲ್ಲಿ ರಾಡಾರ್ ತಯಾರಿಕೆಗೆ ಇಳಿಯಿತು. ಬೆಳಗ್ಗೆ ಸೈರನ್, ಸಂಜೆ ಸಾಲು ಸಾಲು ಸೈಕಲ್, ಇದನ್ನು ನೋಡಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ.

ಮೊದಲ ಹಂತದಲ್ಲಿ 46 ರಾಡಾರ್ ಕೇಂದ್ರಗಳು ಎದ್ದವು. ಮುಖ್ಯ ಕರಾವಳಿಯಲ್ಲಿ 36, ಲಕ್ಷದ್ವೀಪದ ಕಡೆ 6, ಅಂಡಮಾನ್ ನಿಕೋಬಾರ್‌ನಲ್ಲಿ 4. ರಾಡಾರ್ ಡೆನ್ಮಾರ್ಕಿನ ಟರ್ಮಾ ಕಂಪನಿಯದು. ಅದನ್ನು ಕ್ಯಾಮೆರಾ, ಎಐಎಸ್, ರೇಡಿಯೋ ಜೊತೆ ಹೊಂದಿಸಿ ಒಂದೇ ವ್ಯವಸ್ಥೆ ಮಾಡಿದ್ದು ಬಿಇಎಲ್. ಹೆಚ್ಚಿನವನ್ನು ದೀಪಸ್ತಂಭಗಳ ಆವರಣದಲ್ಲೇ ನಿಲ್ಲಿಸಿದರು. ಎರಡನೇ ಹಂತಕ್ಕೆ ಇನ್ನೂ 38 ಕೇಂದ್ರ ಮಂಜೂರಾದವು. ಇದೇ ಹೊತ್ತಿಗೆ ದೀಪಸ್ತಂಭ ಇಲಾಖೆಯೂ 74 ದೀಪಸ್ತಂಭಗಳಲ್ಲಿ ಎಐಎಸ್ ಕೇಳುವ ಉಪಕರಣ ಕೂರಿಸಿತು. ಹಳೆಯ ದೀಪದ ಪಕ್ಕದಲ್ಲಿ ಹೊಸ ಕಣ್ಣು, ಹೊಸ ಕಿವಿ.

ಈ ಕೆಲಸ ಎಷ್ಟು ಅಗತ್ಯವಾಗಿತ್ತು ಎಂಬುದಕ್ಕೆ ಎರಡು ಘಟನೆ ಸಾಕು. 2010ರ ಆಗಸ್ಟ್ 7ರಂದು ಮುಂಬೈ ಬಂದರಿನ ಹೊರಗೆ 'ಎಂಎಸ್‌ಸಿ ಚಿತ್ರಾ' ಮತ್ತು 'ಖಲೀಜಿಯಾ' ಹಡಗುಗಳು ಡಿಕ್ಕಿಯಾದವು. ತೈಲ ಸೋರಿತು, ಕಂಟೇನರ್‌ಗಳು ನೀರಿಗೆ ಬಿದ್ದು ತೇಲಿದವು, ಬಂದರಿನ ಓಡಾಟವೇ ಕೆಲವು ದಿನ ನಿಂತಿತು. 2011ರ ಜುಲೈ 31ರಂದು 'ಪವಿತ್' ಎಂಬ ಹಡಗು ಜುಹೂ ಕಡಲ ತೀರಕ್ಕೆ ಬಂದು ಕೂತಿತು. ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ! ಒಮಾನ್ ಹತ್ತಿರ ಸಿಬ್ಬಂದಿ ಬಿಟ್ಟುಹೋದ ಹಡಗು ತಾನೇ ತೇಲಿಕೊಂಡು ಮುಂಬೈವರೆಗೆ ಬಂದಿತ್ತು. ದಡಕ್ಕೆ ತಾಗುವವರೆಗೆ ಯಾರಿಗೂ ಗೊತ್ತಾಗಲಿಲ್ಲ. 26/11 ಆಗಿ ಎರಡೂವರೆ ವರ್ಷ ಕಳೆದಿತ್ತು.

ರಾಡಾರ್‌ಗಳು ಕಂಡದ್ದನ್ನೆಲ್ಲ ಒಂದೆಡೆ ಸೇರಿಸಿ ನೋಡಲು ಗುರುಗ್ರಾಮದಲ್ಲಿ ನೌಕಾಪಡೆಯ ಕೇಂದ್ರ 2014ರ ನವೆಂಬರ್ 23ರಂದು ಉದ್ಘಾಟನೆಯಾಯಿತು. ಅದನ್ನು ಕಟ್ಟಿದ್ದೂ ಬಿಇಎಲ್. ಮಾರಿಷಸ್, ಸೀಶೆಲ್ಸ್, ಶ್ರೀಲಂಕಾ, ಮಾಲ್ದೀವ್ಸ್ ದೇಶಗಳ ಕರಾವಳಿಗೂ ಬಿಇಎಲ್ ರಾಡಾರ್ ವ್ಯವಸ್ಥೆ ಹೋಗಿದೆ. ಮೀನುಗಾರರಿಗೆ ಕೊಟ್ಟ ಬೆರಳಚ್ಚಿನ ಗುರುತಿನ ಚೀಟಿ ತಯಾರಿಸಿದ ಸಾರ್ವಜನಿಕ ಉದ್ಯಮಗಳ ಕೂಟಕ್ಕೂ ಬಿಇಎಲ್ಲೇ ಮುಂದಾಳು.

ರಾಡಾರ್ ಏನು ನೋಡುತ್ತದೆ, ಏನು ನೋಡುವುದಿಲ್ಲ

ಯಲಹಂಕದವರಿಗೆ ವಿಮಾನ ಹೊಸದಲ್ಲ. ವಾಯುನೆಲೆ ಇಲ್ಲೇ ಇದೆ, ದೇವನಹಳ್ಳಿ ಏರ್‌ಪೋರ್ಟ್ ಮುಂದೆ ಇದೆ. ವಿಮಾನಕ್ಕೆ ಟವರಿನಿಂದ ಅನುಮತಿ ಸಿಗದೆ ಇಳಿಯುವ ಹಾಗಿಲ್ಲ. ಹಡಗಿಗೂ ಹಾಗೇ ಇರಬೇಕು ಅಂದುಕೊಂಡಿದ್ದೆವು. ಹಾಗಿಲ್ಲ.

ಬಂದರಿನ ಹಡಗು ಸಂಚಾರ ಕೇಂದ್ರ ಹೆಚ್ಚಾಗಿ ಮಾಡುವುದು ಮಾಹಿತಿ ಕೊಡುವುದು, ಎಚ್ಚರಿಸುವುದು, ಸರದಿ ಹೇಳುವುದು. 'ನಿಮ್ಮ ಎಡಕ್ಕೆ ಮೀನಿನ ಬೋಟುಗಳಿವೆ, ವೇಗ ತಗ್ಗಿಸಿ', 'ಇನ್ನೊಂದು ಹಡಗು ಹೊರಬರುತ್ತಿದೆ, ಕಾಯಿರಿ' ಎಂಬಂಥ ಮಾತು. ಚುಕ್ಕಾಣಿಯ ಹೊಣೆ ಕ್ಯಾಪ್ಟನ್‌ನದೇ. ಬಂದರಿನ ಬಾಯಿ ಹತ್ತಿರ ಬಂದಾಗ ಸ್ಥಳದ ನೀರು ಬಲ್ಲ ಪೈಲಟ್ ಒಬ್ಬರು ಸಣ್ಣ ಬೋಟಿನಲ್ಲಿ ಹೋಗಿ, ಹಗ್ಗದ ಏಣಿ ಹತ್ತಿ, ಹಡಗನ್ನು ಒಳಗೆ ತರುತ್ತಾರೆ. ದೊಡ್ಡ ಹಡಗಿಗೆ ನಮ್ಮ ಬಸ್ಸಿನ ಹಾಗೆ ಬ್ರೇಕ್ ಇಲ್ಲ. ನಿಲ್ಲಿಸಬೇಕೆಂದು ತೀರ್ಮಾನಿಸಿದ ಮೇಲೂ ಕಿಲೋಮೀಟರ್‌ಗಟ್ಟಲೆ ಮುಂದೆ ಹೋಗಿಯೇ ನಿಲ್ಲುತ್ತದೆ. ಹಾಗಾಗಿ ಎಚ್ಚರಿಕೆ ಮೊದಲೇ ಸಿಗಬೇಕು.

ಇನ್ನು ರಾಡಾರಿನ ಮಿತಿ. ಭೂಮಿ ಗುಂಡಗಿದೆ. ರಾಡಾರ್ ಅಲೆ ಹೆಚ್ಚು ಕಡಿಮೆ ನೇರವಾಗಿ ಹೋಗುತ್ತದೆ. ಮೂವತ್ತು ನಲವತ್ತು ಮೀಟರ್ ಎತ್ತರದಲ್ಲಿ ಕೂರಿಸಿದ ರಾಡಾರಿಗೆ ದೊಡ್ಡ ಹಡಗಾದರೆ 40-50 ಕಿ.ಮೀ.ವರೆಗೆ ಕಾಣಬಹುದು. ನೀರಿಗೆ ಅಂಟಿಕೊಂಡ ಹಾಗಿರುವ ಸಣ್ಣ ಬೋಟು ಅದಕ್ಕಿಂತ ಬಹಳ ಹತ್ತಿರ ಬಂದ ಮೇಲೆ ಕಾಣುತ್ತದೆ. ಮರ ಅಥವಾ ಫೈಬರಿನ ಬೋಟಾದರೆ, ಅಲೆ ಎದ್ದಿದ್ದರೆ, ಅದೂ ಅನುಮಾನ. ಕಂಡರೂ ಪರದೆಯ ಮೇಲೆ ಬರುವುದು ಒಂದು ಚುಕ್ಕೆ. ಆ ಚುಕ್ಕೆ ಮಲ್ಪೆಯ ಬೋಟೋ, ಕುಬೇರ್‌ನಂತೆ ಅಪಹರಿಸಿದ ಬೋಟೋ ಎಂದು ರಾಡಾರ್ ಹೇಳುವುದಿಲ್ಲ.

ಎರಡು ಬೋಟುಗಳ ಕಥೆ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ 'ಸುವರ್ಣ ತ್ರಿಭುಜ' ಎಂಬ ಆಳಸಮುದ್ರ ಬೋಟು ಹೊರಟಿತು. ಏಳು ಮೀನುಗಾರರು ಇದ್ದರು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಡಿಸೆಂಬರ್ 15ರ ನಂತರ ಸಂಪರ್ಕ ಇಲ್ಲ. ವಿಮಾನ, ಹೆಲಿಕಾಪ್ಟರ್, ಹಡಗು ಎಲ್ಲ ಹುಡುಕಿದವು. ಸಿಗಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಬಂದು ಕೂತರು. ನಾಲ್ಕೂವರೆ ತಿಂಗಳ ಮೇಲೆ, 2019ರ ಮೇ ಮೊದಲ ವಾರದ ಹೊತ್ತಿಗೆ, ಮಹಾರಾಷ್ಟ್ರದ ಮಾಲ್ವಣ್ ಆಚೆ ಸುಮಾರು 60 ಮೀಟರ್ ಆಳದಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಅದರ ಅವಶೇಷ ಪತ್ತೆ ಮಾಡಿತು. ಏಳು ಜನರಲ್ಲಿ ಯಾರೂ ಬರಲಿಲ್ಲ. ದೊಡ್ಡ ಹಡಗು ಗುದ್ದಿದೆ ಎಂಬ ಸಂಶಯ ಕರಾವಳಿಯಲ್ಲಿ ಇಂದಿಗೂ ಇದೆ.

2021ರ ಏಪ್ರಿಲ್ 13ರ ನಸುಕಿಗೆ ಮುಂಚೆ, ಮಂಗಳೂರಿನಿಂದ 43 ನಾಟಿಕಲ್ ಮೈಲು ದೂರದಲ್ಲಿ, ಕೇರಳದ ಬೇಪೂರಿನ 'ರಬಾ' ಎಂಬ ಬೋಟಿಗೂ 'ಎಪಿಎಲ್ ಲೆ ಹಾವ್ರ್' ಎಂಬ ಸಿಂಗಪುರದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕಿದ್ದು ಇಬ್ಬರು.

43 ನಾಟಿಕಲ್ ಮೈಲು ಅಂದರೆ ಸುಮಾರು 80 ಕಿ.ಮೀ. ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ದಡದ ರಾಡಾರಿಗೆ ಅಷ್ಟು ದೂರ ಕಾಣುವುದಿಲ್ಲ. ಮೊದಲೆಲ್ಲ ನಮ್ಮ ಬೋಟುಗಳು ಸಂಜೆಗೆ ದಡಕ್ಕೆ ಬರುತ್ತಿದ್ದವು. ಈಗ ಹತ್ತಿರದಲ್ಲಿ ಮೀನು ಕಡಿಮೆಯಾಗಿ ಹತ್ತು ಹದಿನೈದು ದಿನ ಆಳಸಮುದ್ರದಲ್ಲೇ ಇರುತ್ತವೆ. ಹಡಗಿನ ಹೆದ್ದಾರಿ ಇರುವುದೂ ಅಲ್ಲೇ. ರಾತ್ರಿ ಬಲೆ ಬಿಟ್ಟು ಕಲಾಸಿಗಳು ಮಲಗಿರುತ್ತಾರೆ, ಒಬ್ಬಿಬ್ಬರು ಎಚ್ಚರ ಇರುತ್ತಾರೆ. ಗಂಟೆಗೆ 35 ಕಿ.ಮೀ. ವೇಗದಲ್ಲಿ ಬರುವ ಕಬ್ಬಿಣದ ಗುಡ್ಡದ ಮುಂದೆ ಆ ಬೋಟು ಎಷ್ಟರದು?

ಬೋಟಿನಲ್ಲೂ ಎಐಎಸ್ ಹಾಕಿಸಬಹುದಲ್ಲ ಎಂದು ಕೇಳುತ್ತೀರಿ. 20 ಮೀಟರಿಗಿಂತ ಉದ್ದದ ಬೋಟಿಗೆ ಕಡ್ಡಾಯ ಮಾಡಿದ್ದಾರೆ. ಅದಕ್ಕಿಂತ ಚಿಕ್ಕವು ಎಷ್ಟೋ ಪಾಲು ಹೆಚ್ಚಿವೆ. ಖರ್ಚಿನ ಮಾತು ಒಂದು. ಇನ್ನೊಂದು, ಮೀನು ಸಿಗುವ ಜಾಗ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಅಳುಕು. ಹೊಲದ ಬೋರಿನ ಪಾಯಿಂಟನ್ನು ಯಾರಾದರೂ ಊರಿಗೆಲ್ಲ ಸಾರುತ್ತಾರೆಯೇ? ಮತ್ತೊಂದು, ನಮ್ಮ ಮೇಲೇಕೆ ಅನುಮಾನದ ಕಣ್ಣು ಎಂಬ ನೋವು. ಗುರುತಿನ ಚೀಟಿ, ಬೋಟಿಗೆ ಬಣ್ಣ, ನಡುಗಡಲಿನಲ್ಲಿ ತಪಾಸಣೆ, 26/11ರ ನಂತರ ಬಂದದ್ದೆಲ್ಲ ಮೊದಲು ಬಿದ್ದದ್ದು ಮೀನುಗಾರರ ಹೆಗಲ ಮೇಲೆ. ಕುಬೇರ್‌ನಲ್ಲಿ ಸತ್ತವರೂ ಅವರೇ ಎಂಬುದನ್ನು ನಾವು ಮರೆತೆವು.

ಪೀಣ್ಯದಲ್ಲಿ ಕೇಳುವ ಕೂಗು

ಇಲ್ಲಿಂದ ಕಥೆ ಮತ್ತೆ ನಮ್ಮ ಕಡೆಗೇ ಬರುತ್ತದೆ. ದಡದ ರಾಡಾರಿಗೆ ಕಾಣದ್ದು ಆಕಾಶದಿಂದ ಕಾಣುತ್ತದೆ.

ಹಡಗು ಮುಳುಗುವಾಗ ನೀರು ತಾಗಿದರೆ ತಾನೇ ಕೂಗುವ ಉಪಕರಣ ಒಂದಿದೆ. ಅದರ ಸಂಕೇತ ಉಪಗ್ರಹಕ್ಕೆ ಹೋಗಿ ಭೂಕೇಂದ್ರಕ್ಕೆ ಇಳಿಯುತ್ತದೆ. ಭಾರತದ ಭೂಕೇಂದ್ರಗಳು ಬೆಂಗಳೂರು ಮತ್ತು ಲಖನೌದಲ್ಲಿವೆ. ಎರಡರ ಮಾಹಿತಿಯನ್ನೂ ಸೇರಿಸಿ ನೋಡುವ ಕೇಂದ್ರ ಇಸ್ಟ್ರಾಕ್‌ನಲ್ಲಿದೆ. ಅಲ್ಲಿಂದ ಮುಂಬೈ, ಚೆನ್ನೈ, ಪೋರ್ಟ್ ಬ್ಲೇರ್‌ನ ಕೋಸ್ಟ್ ಗಾರ್ಡ್ ಕೇಂದ್ರಗಳಿಗೆ ಸುದ್ದಿ ಹೋಗುತ್ತದೆ. ಪೀಣ್ಯದ ಫ್ಯಾಕ್ಟರಿ ಸದ್ದಿನ ನಡುವೆ ಕಡಲಿನ ಕೂಗು ಕೇಳಲು ಹಗಲೂ ರಾತ್ರಿ ಜನ ಕೂತಿರುತ್ತಾರೆ ಎಂಬುದು ನಮಗೂ ಈ ಬರಹಕ್ಕೆ ಕೂತ ಮೇಲೆಯೇ ಸರಿಯಾಗಿ ಮನದಟ್ಟಾದದ್ದು.

ಸಣ್ಣ ಬೋಟುಗಳಿಗೆ ಇಸ್ರೋ ಬೇರೆ ಟ್ರಾನ್ಸ್‌ಪಾಂಡರ್ ಮಾಡಿದೆ. ಅದರಲ್ಲಿ ಎರಡೂ ಕಡೆಯಿಂದ ಚಿಕ್ಕ ಸಂದೇಶ ಕಳಿಸಬಹುದು. ಮೊಬೈಲ್ ಸಿಗ್ನಲ್ ಬೇಕಿಲ್ಲ. ಚಂಡಮಾರುತದ ಎಚ್ಚರಿಕೆ ಬೋಟಿಗೆ ಬರುತ್ತದೆ, ಅಪಾಯ ಎಂದು ಬೋಟಿನವರು ಒತ್ತಿದರೆ ದಡಕ್ಕೆ ತಿಳಿಯುತ್ತದೆ. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಈ ಯೋಜನೆಗೆ ಚಾಲನೆ ಕೊಟ್ಟರು. ಸುಮಾರು 360 ಕೋಟಿ ರೂಪಾಯಿ ಖರ್ಚಿನಲ್ಲಿ, 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಬೋಟುಗಳಿಗೆ ಹಂತ ಹಂತವಾಗಿ ಹಾಕಿಸುವ ಗುರಿ.

ನಮಗೆ ಇದು ಮುಖ್ಯ ಅನ್ನಿಸುವುದು ಇದಕ್ಕೆ. ಗುರುತಿನ ಚೀಟಿ 'ನೀನು ಯಾರು' ಎಂದು ಕೇಳುತ್ತದೆ. ಈ ಪೆಟ್ಟಿಗೆ 'ನೀನು ಹೇಗಿದ್ದೀಯ' ಎಂದೂ ಕೇಳಬಲ್ಲದು. ಕೇಳುವುದು ಹಾಗೆ ಇದ್ದರೆ ಮೀನುಗಾರ ಉತ್ತರ ಕೊಡಲು ಹಿಂಜರಿಯುವುದಿಲ್ಲ. ಇದನ್ನೂ ತಪಾಸಣೆಯ ಇನ್ನೊಂದು ಹಗ್ಗ ಮಾಡಿಕೊಂಡರೆ, ಸ್ವಿಚ್ ಆಫ್ ಮಾಡಿ ಇಡುವವರು ಇದ್ದೇ ಇರುತ್ತಾರೆ. ಆಗ ಇನ್ನೊಂದು ಸುವರ್ಣ ತ್ರಿಭುಜಕ್ಕೆ ನಾಲ್ಕೂವರೆ ತಿಂಗಳು ಹುಡುಕಬೇಕಾಗುತ್ತದೆ.

2025ರ ಮುಂಗಾರು

ಈ ಮಾತು ಹಳೆಯದಾಗಿಲ್ಲ. 2025ರ ಮೇ 24ರಂದು ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ 'ಎಂಎಸ್‌ಸಿ ಎಲ್ಸಾ 3' ವಾಲಿತು, ಮರುದಿನ 640 ಕಂಟೇನರ್ ಸಮೇತ ಮುಳುಗಿತು. 24 ಸಿಬ್ಬಂದಿಯನ್ನೂ ಕಾಪಾಡಿದರು. ಜೂನ್ 9ರಂದು ಕೊಲಂಬೊದಿಂದ ಮುಂಬೈ ಕಡೆ ಬರುತ್ತಿದ್ದ 'ವಾನ್ ಹಾಯ್ 503' ಹಡಗಿಗೆ ಕೇರಳದ ಆಚೆ ಬೆಂಕಿ ಬಿತ್ತು. 22 ಜನರಲ್ಲಿ 18 ಜನರನ್ನು ಕಾಪಾಡಿ ತಂದದ್ದು ನಮ್ಮ ನವಮಂಗಳೂರು ಬಂದರಿಗೆ. ನಾಲ್ವರು ಸಿಗಲಿಲ್ಲ. ಹದಿನೈದು ದಿನದ ಅಂತರದಲ್ಲಿ ಎರಡು ಹಡಗು. ನಮ್ಮ ಕಡಲು ಎಷ್ಟು ದಟ್ಟಣೆಯ ದಾರಿ ಎಂದು ಇದರಲ್ಲೇ ತಿಳಿಯುತ್ತದೆ.

ಕರಾವಳಿಯಲ್ಲಿ ಬಂಧುಗಳಿದ್ದರೆ, ಅಥವಾ ನಿಮ್ಮ ಮಕ್ಕಳು ಗೋಕರ್ಣ, ಮಲ್ಪೆ ಕಡೆ ಪ್ರವಾಸ ಹೋದರೆ, ಎರಡು ನಂಬರ್ ಫೋನಿನಲ್ಲಿ ಇರಲಿ. ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಮೊನ್ನೆ ಅದೇ ಟೀ ಅಂಗಡಿಗೆ ಹೋಗಿದ್ದೆವು. ಹಿರಿಯರು ಇದ್ದರು. ಬೋರ್ಡಿನ ಕಡೆ ಕೈ ತೋರಿಸಿ, ಬೋಟಿನಿಂದ ಹಿಡಿದು ಜಾಲಹಳ್ಳಿ, ಪೀಣ್ಯದವರೆಗೆ ಇಷ್ಟನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮ ಷಡ್ಡಕ ಬಿಇಎಲ್‌ನಲ್ಲೇ ಇದ್ದ, ಮೂವತ್ತು ವರ್ಷ. ಏನು ಮಾಡ್ತಿದ್ದೀಯ ಅಂತ ಒಂದು ದಿನವೂ ಕೇಳಲಿಲ್ಲ ನೋಡಿ' ಅಂದರು.

ನಿಮ್ಮ ಊರಿನಲ್ಲೂ ಬಿಇಎಲ್, ಇಸ್ರೋ, ಎಚ್‌ಎಂಟಿಯಲ್ಲಿ ದುಡಿದವರು ಇರಬಹುದು. ಒಮ್ಮೆ ಕೂತು ಕೇಳಿ. ಅವರ ಕೈಯ ಕೆಲಸ ಎಲ್ಲೆಲ್ಲಿ ನಿಂತು ಯಾರ್‍ಯಾರನ್ನು ಕಾಯುತ್ತಿದೆ ಎಂದು ಅವರಿಗೂ ಹೇಳಿಕೊಳ್ಳುವ ಆಸೆ ಇರುತ್ತದೆ.